ಹೆಸರಿನ ಕೊನೆಗೆ ಇಪನ್

ವಿನಿಪೆಗ್
4 ಸೆಪ್ಟೆಂಬರ್ 2018

ನನ್ನ ಮುದ್ದು ಕೋಕುಮ್,

ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ಸರ್ಕಾರದ ಸ್ಮರಣೆ ಮತ್ತು ಸಾಮರಸ್ಯ ನಿಧಿಯವರು ನಮ್ಮ ಅರ್ಜಿಯನ್ನು ಒಪ್ಪಿದ್ದಾರೆ, ಕೇಳಿದ್ದರಲ್ಲಿ ಒಂದು ಕಾಸೂ ಕಡಿಮೆ ಮಾಡಿಲ್ಲ! ಆಫೀಸಿನಲ್ಲಿ ಕುರ್ಚಿಯ ಮೇಲೆ ಹತ್ತಿ ಕೂಗಿದೆ. ಮನೆಗೆ ಬಂದು ಹೇಳಿದ ತಕ್ಷಣ ಕರ್ಟಿಸ್ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ನನ್ನ ತಲೆ ಅಡುಗೆಮನೆಯ ದೀಪಕ್ಕೆ ಬಡಿಯಿತು. ದೀಪ ಒಡೆಯಿತು, ತಲೆ ಒಡೆಯಲಿಲ್ಲ. "ನಿಮ್ಮ ಮನೆಯವ್ರ ತಲೆ ಯಾವತ್ತೂ ಗಟ್ಟಿ" ಅಂದ. ಮದುವೆಯಾಗಿ ಹನ್ನೊಂದು ವಾರ, ಆಗಲೇ ಎಂಥ ಮಾತು ನೋಡು!

ನಿನಗೆ ಫೋನ್ ಮಾಡೋಣ ಎಂದುಕೊಂಡೆ. ಆದರೆ ನಿನ್ನ ಆ ಕಿವಿ! ನಾನು ಇಲ್ಲಿ ಕಿರುಚುವುದು, ನೀನು ಅಲ್ಲಿ "ಏನು? ಯಾರು ಬಿದ್ರು?" ಅನ್ನುವುದು. ಅದಕ್ಕೇ ಕಾಗದ.

ಮೂಲನಿವಾಸಿಗಳ ಮಕ್ಕಳು ಎಂದು ನಿಮ್ಮನ್ನೆಲ್ಲ ಮನೆಯಿಂದ ಕಿತ್ತುಕೊಂಡು ಹೋಗಿ ಹಾಕಿದ್ದರಲ್ಲ, ಆ ಬೋರ್ಡಿಂಗ್ ಶಾಲೆಯ ಗುಡ್ಡದ ಮೇಲೆ ಕಲ್ಲುಗಳ ಒಂದು ದೊಡ್ಡ ವೃತ್ತ ಬರುತ್ತದೆ. ಅಲ್ಲಿಂದ ಮನೆಗೆ ಮರಳದ ಮಕ್ಕಳು ನಮ್ಮ ಪಟ್ಟಿಯಲ್ಲಿ ಮೂವತ್ತೆರಡು. ಒಬ್ಬೊಬ್ಬರಿಗೆ ಒಂದೊಂದು ಹೊಳೆಗಲ್ಲು, ಅದರ ಮೇಲೆ ಹೆಸರು. ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಕ್ರೀ ಭಾಷೆಯ ಲಿಪಿಯಲ್ಲಿ! ನನಗೆ ಕ್ರೀ ಬರುವುದಿಲ್ಲ ಎಂದು ನೀನು ಯಾವಾಗಲೂ ಅಣಕಿಸುತ್ತೀಯಲ್ಲ? ಹುಡುಕಿ ಹುಡುಕಿ ಕಲಿತೆ. ತೀರಿಕೊಂಡವರ ಹೆಸರಿನ ಕೊನೆಗೆ 'ಇಪನ್' ಸೇರಿಸಬೇಕು ಅಂತ ನಿಘಂಟಿನಲ್ಲಿದೆ. ಮೂವತ್ತೆರಡಕ್ಕೂ ನಾನೇ ನನ್ನ ಕೈಯಾರೆ ಸೇರಿಸಿದೆ. ನಿನ್ನ ತಮ್ಮ ಆಂಬ್ರೋಸ್‌ನ ಹೆಸರು ಉತ್ತರದ ಕಡೆ, ಊರಿಗೆ ಮುಖ ಮಾಡಿ. ಆ ಜಾಗ ಆರಿಸಿದ್ದು ನಾನು.

ಇನ್ನೊಂದು ಗುಟ್ಟು. ಪ್ರತಿ ಮಗುವಿಗೂ ಮನೆಯವರೊಬ್ಬರ ಸಹಿ ಬೇಕಿತ್ತು. ಮದುವೆಯ ದಿನ ಕೇಕಿನ ಮೇಜಿನ ಹತ್ತಿರ, ಸಾಕ್ಷಿಗಳ ಪುಸ್ತಕದ ಜೊತೆಗೆ ಒಂದು ಹಾಳೆ ಕೊಟ್ಟು "ಇಲ್ಲೊಂದು" ಎಂದೆನಲ್ಲ, ಅದೇ ಅದು! ಆಗಲೇ ಹೇಳಿ, ಆಮೇಲೆ ಅರ್ಜಿ ಬಿದ್ದುಹೋಗಿದ್ದರೆ ನಿನಗೆ ಬೇಜಾರಾಗುತ್ತಿತ್ತು. ಆಶ್ಚರ್ಯವಾಯಿತಾ?

ಜೂನ್‌ನಲ್ಲಿ ಉದ್ಘಾಟನೆ. ಮೊದಲ ಮಾತು ನಿನ್ನದೇ. ಈಗಲೇ ಯೋಚಿಸಿಟ್ಟುಕೋ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಕೆಂಡ್ರಾ (ಈಗ ಶ್ರೀಮತಿ ಲಿಂಕ್ಲೇಟರ್!!)


ವಾಪೋಸ್ ಕ್ರಾಸಿಂಗ್
20 ಸೆಪ್ಟೆಂಬರ್ 2018

ಕೆಂಡ್ರಾಗೆ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಎರಡನೆಯ ಸಲ ಕನ್ನಡಕ ಹಾಕಿಕೊಂಡು.

ಮದುವೆಯ ದಿನ ನನ್ನ ಕನ್ನಡಕ ನನ್ನ ಚೀಲದಲ್ಲಿತ್ತು, ಚೀಲ ನಿನ್ನ ಕೈಯಲ್ಲಿತ್ತು. ನನ್ನ ಮೊಮ್ಮಗಳು ಮದುವೆಯಾದಳು ಎಂದು ನಾನು ಸಹಿ ಹಾಕಿದೆ. ನನ್ನ ತಮ್ಮ ಸತ್ತ ಎಂದು ನೀನು ಹಾಕಿಸಿಕೊಂಡೆ.

1952ರಲ್ಲಿ ಶಾಲೆಯ ಮನುಷ್ಯ ದೋಣಿಯಲ್ಲಿ ಬಂದು ಒಂದು ಕಾಗದ ಚಾಚಿದಾಗ ನಮ್ಮಮ್ಮನೂ ಹೀಗೇ ಗುರುತು ಹಾಕಿದಳು. ಸಕ್ಕರೆಗೂ ಹಿಟ್ಟಿಗೂ ಎಂದುಕೊಂಡಿದ್ದಳು. ಅದು ನನ್ನನ್ನೂ ಆಂಬ್ರೋಸ್‌ನನ್ನೂ ಕೊಟ್ಟುಬಿಟ್ಟ ಕಾಗದ. ಆ ಶಾಲೆಯವನಾದರೂ ಹೊರಗಿನವನು.

ಆಂಬ್ರೋಸ್ ಸತ್ತ ಎಂದು ನಮಗೆ ಯಾರೂ ಹೇಳಿಲ್ಲ. ಹೇಳದೆ ಇರುವಾಗ ನಾವು ಇಪನ್ ಅನ್ನುವುದಿಲ್ಲ. ನಮ್ಮಮ್ಮ ಸಾಯುವವರೆಗೂ ಅನ್ನಲಿಲ್ಲ. ಇದು ನಿನ್ನ ನಿಘಂಟಿನಲ್ಲಿ ಇಲ್ಲವೇನೋ.

ಇನ್ನೊಂದೂ ಇಲ್ಲ. ನೀವೆಲ್ಲ ನನ್ನನ್ನು ಕೋಕುಮ್ ಎನ್ನುತ್ತೀರಿ. ಕೋಕುಮ್ ಎಂದರೆ 'ನಿನ್ನ ಅಜ್ಜಿ'. 'ನನ್ನ ಅಜ್ಜಿ' ಎನ್ನಬೇಕಾದರೆ ನೋಕುಮ್. ಇಂಗ್ಲಿಷ್ ಶಾಲೆಯ ಮಕ್ಕಳು, ಮುದ್ದಾಗಿ ಕರೆಯುತ್ತವೆ ಎಂದು ಇಷ್ಟು ವರ್ಷ ತಿದ್ದಲಿಲ್ಲ. ತಿದ್ದಬೇಕಿತ್ತು.

ಅವನ ಹೆಸರು ತೆಗೆಸು.

ಎಮೆಲಿನ್ ನೀಪಿನ್


ವಿನಿಪೆಗ್
9 ಅಕ್ಟೋಬರ್ 2018

ಕೋಕುಮ್,

(ಇನ್ನು ಹೇಗೆ ಕರೆಯಬೇಕೋ ಗೊತ್ತಾಗುತ್ತಿಲ್ಲ, ಅದಕ್ಕೇ ಹಳೆಯದೇ.)

ನಿನ್ನ ಕಾಗದ ಓದಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕರ್ಟಿಸ್ ಬಾಗಿಲು ಬಡಿದು, "ನಿಮ್ಮಜ್ಜಿ ಬೈದಿದ್ರೆ ನಂಗೂ ಒಂದು ಪಾಲು ಕೊಡು, ಒಬ್ಳೇ ಇಟ್ಕೋಬೇಡ" ಎಂದ. ಅವನು ನಗಿಸಲು ನೋಡುತ್ತಾನೆ. ನನಗೆ ನಗು ಬರಲಿಲ್ಲ.

ನಾನು ಮಾಡಿದ್ದು ತಪ್ಪು, ಕ್ಷಮಿಸು. ಆದರೆ ನಿಧಿಯ ಅಧಿಕಾರಿ ಮಿಸ್ ಪ್ರೆಂಟಿಸ್‌ಗೆ ಅವತ್ತೇ ಫೋನ್ ಮಾಡಿದೆ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

"ಅವರು ತೀರಿಕೊಂಡಿದ್ದಾರಾ, ಇಲ್ವಾ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅನ್ನೋ ಕಲಂ ನಮ್ಮಲ್ಲಿಲ್ಲ. ಹೌದು, ಇಲ್ಲ, ಎರಡೇ ಇರೋದು."

"ಒಂದು ಹೆಸರು ತೆಗೀಬಹುದಾ?"

"ತೆಗೆದ್ರೆ ಪಟ್ಟಿಯೇ ತಪ್ಪು ಅಂತಾಗತ್ತೆ. ಮೂವತ್ತೆರಡನ್ನೂ ಮೊದಲಿಂದ ಪರಿಶೀಲಿಸ್ಬೇಕು. ಮಾರ್ಚ್ ಒಳಗೆ ಹಣ ಬಳಸದಿದ್ರೆ ವಾಪಸ್ ಹೋಗತ್ತೆ. ಯೋಚ್ನೆ ಮಾಡಿ."

ನಮ್ಮ ಕಲ್ಲುವೃತ್ತದ ಸಮಿತಿಯ ಹಿರಿಯ ಲಾಜರಸ್ ಮಾವನನ್ನು ಕೇಳಿದೆ. ಅವನೂ ಅದೇ ಶಾಲೆಯಲ್ಲಿ ಇದ್ದವನಲ್ಲವೇ, ನಿನ್ನ ಕಷ್ಟ ಅವನಿಗೆ ಗೊತ್ತಿರುತ್ತದೆ ಎಂದುಕೊಂಡೆ. ಅವನು, "ಎಮೆಲಿನ್ ಒಬ್ಬಳಿಗೋಸ್ಕರ ಇನ್ನು ಮೂವತ್ತೊಂದು ಮಕ್ಕಳು ಕಾಯ್ಬೇಕಾ? ನಮ್ಮಣ್ಣನೂ ಅದ್ರಲ್ಲಿದಾನೆ ಕಣೇ. ಅವಳಿಗೆ ಹೇಳು, ದುಃಖ ಅವಳಪ್ಪನ ಆಸ್ತಿಯಲ್ಲ ಅಂತ" ಎಂದ. ನೀವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದವರು, ಹೀಗೆ ಹೇಳಬಹುದಾ? ಆದರೆ ಕೋಕುಮ್, ಅವನು ಹೇಳಿದ್ದು ಪೂರಾ ಸುಳ್ಳೇ?

ಅರವತ್ತನಾಲ್ಕು ವರ್ಷವಾಯಿತು. ಬದುಕಿದ್ದಿದ್ದರೆ ಅವನು ಒಂದು ಕ್ರಿಸ್‌ಮಸ್ ಕಾರ್ಡಾದರೂ ಹಾಕುತ್ತಿರಲಿಲ್ಲವೇ?

ಕಲ್ಲುಕುಟಿಗ ಕೆಲಸ ಶುರು ಮಾಡಿದ್ದಾನೆ. ಆಂಬ್ರೋಸ್‌ನ ಕಲ್ಲಿನ ಫೋಟೋ ಇದರ ಜೊತೆಗಿದೆ. ಅದು ಎಷ್ಟು ಚೆನ್ನಾಗಿದೆ ನೋಡು, ಮಧ್ಯೆ ಒಂದು ಬಿಳಿಯ ಗೆರೆ. ಒಮ್ಮೆ ನೋಡಿದರೆ ನಿನ್ನ ಮನಸ್ಸು ಬದಲಾಗಬಹುದು.

ಪ್ರೀತಿಯಿಂದ,
ಕೆಂಡ್ರಾ


ವಾಪೋಸ್ ಕ್ರಾಸಿಂಗ್
2 ಡಿಸೆಂಬರ್ 2018

ಕೆಂಡ್ರಾಗೆ,

ನದಿ ಹೆಪ್ಪುಗಟ್ಟಿತು. ಮಂಜುಗಡ್ಡೆ ಕೊರೆದು ಮೀನಿನ ಬಲೆ ಹಾಕುವುದು ಈ ವರ್ಷ ನನ್ನ ಕೈಯಲ್ಲಿ ಆಗುವುದಿಲ್ಲ. ಕೂತು ಬರೆಯುತ್ತಿದ್ದೇನೆ.

ನಿನ್ನ ನಿಧಿಯ ಹೆಸರಿನಲ್ಲಿ ಸಾಮರಸ್ಯ ಎಂದಿದೆ. ಅದು ಏನು ಎಂದು ಪಾದ್ರಿಯ ಹೆಂಡತಿಯನ್ನು ಕೇಳಿದೆ. ಜಗಳವಾಡಿದವರು ರಾಜಿಯಾಗುವುದು ಎಂದಳು. ನಾವು ಯಾವಾಗ ಜಗಳವಾಡಿದೆವು? ಅವರು ಬಂದರು, ಎತ್ತಿಕೊಂಡು ಹೋದರು. ನಾವು ಬಾಯೇ ತೆರೆಯಲಿಲ್ಲ.

ಯಾರಿಗೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ. ಓದಿ ಸುಟ್ಟುಬಿಡು.

ಹುಡುಗರ ಕಡೆ, ಹುಡುಗಿಯರ ಕಡೆ, ನಡುವೆ ಬೇಲಿ. ಅಕ್ಕ ತಮ್ಮ ಮಾತಾಡುವಂತಿರಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಅವನ ಕೆಮ್ಮು ಕೇಳಿಸುತ್ತಿತ್ತು. ನೂರು ಮಕ್ಕಳ ಕೆಮ್ಮಿನಲ್ಲಿ ಅವನದು ಯಾವುದೆಂದು ನನಗೆ ಗೊತ್ತಾಗುತ್ತಿತ್ತು. 1954ರ ಚಳಿಗಾಲದಲ್ಲಿ ಆ ಕೆಮ್ಮಿನಲ್ಲಿ ಕಫ ಕಟ್ಟಿತು. ನಾನು ಧೈರ್ಯ ಮಾಡಿ, ನಮ್ಮನ್ನು ಕಾಯುತ್ತಿದ್ದ ಸನ್ಯಾಸಿನಿ ಸಿಸ್ಟರ್ ಹತ್ತಿರ ಹೋಗಿ, "ನನ್ನ ತಮ್ಮ ಕೆಮ್ಮುತ್ತಿದ್ದಾನೆ" ಎಂದೆ. ನಮ್ಮ ಭಾಷೆಯಲ್ಲಿ ಹೇಳಿಬಿಟ್ಟೆ. ಅವಸರದಲ್ಲಿ ಇಂಗ್ಲಿಷ್ ಬರಲಿಲ್ಲ. ನೀನು ಅಣಕಿಸುವ ಈ ಕಿವಿ ಅವತ್ತು ಆ ಮಾತಿಗೆ ಬಿದ್ದ ಏಟಿಗೆ ಹೋದದ್ದು. ಆದರೆ ಸಿಸ್ಟರ್‌ಗೆ ಅರ್ಥವಾಗಿತ್ತು. ಮಾರನೆಯ ದಿನ ಅವನನ್ನು ದಕ್ಷಿಣದ ಯಾವುದೋ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವನ ಸುದ್ದಿಯಿಲ್ಲ.

ಹೇಳಿದವಳು ನಾನು. ತಿಳಿಯಿತೇ?

ಜೂನ್ ಕೊನೆಯಲ್ಲಿ ರಜೆಗೆ ಉತ್ತರದ ರೈಲು ಹತ್ತಿಸಿದರು. ನಮ್ಮದು ದೊಡ್ಡ ಸ್ಟೇಷನ್ ಅಲ್ಲ, ಇಳಿಯುವವರು ಇದ್ದಾರೆ ಎಂದು ಗಾರ್ಡ್‌ಗೆ ಹೇಳಿದರೆ ಮಾತ್ರ ನಿಲ್ಲಿಸುತ್ತಾರೆ. "ಎಷ್ಟು ಜನ?" ಎಂದು ಕೇಳಿದ. "ಒಬ್ಬಳು" ಎಂದೆ. ಅಮ್ಮ ಹಳಿಯ ಪಕ್ಕ ನಿಂತಿದ್ದಳು. ನನ್ನನ್ನು ಅಪ್ಪಿಕೊಂಡಳು. ಅಪ್ಪಿಕೊಂಡೇ ನನ್ನ ಬೆನ್ನ ಹಿಂದೆ ಬಾಗಿಲು ನೋಡುತ್ತಿದ್ದಳು. ಆಮೇಲೆ ಪ್ರತಿ ಜೂನ್ ಹೋಗಿ ನಿಂತಳು, ಹತ್ತೊಂಬತ್ತು ವರ್ಷ. ಅವಳಿಗೂ ನಾನು ಆ ಕೆಮ್ಮಿನ ಮಾತು ಹೇಳಲಿಲ್ಲ.

ಇಪನ್ ಅಂದರೆ ಅವನನ್ನು ಕೊಂದವಳು ನಾನು. ಅನ್ನದಿದ್ದರೆ ಅವನು ಇನ್ನೂ ಬರಬೇಕಾದವನು. ನಿಮ್ಮ ಎರಡು ಕಲಂಗಳ ಮಧ್ಯೆ ಇಷ್ಟು ವರ್ಷ ಬದುಕಿದ್ದೇನೆ.

ಫೋಟೋದಲ್ಲಿರುವ ಕಲ್ಲನ್ನು ನೀನು 'ಅದು' ಎಂದು ಬರೆದಿದ್ದೀಯ. ನಮ್ಮ ಮಾತಿನಲ್ಲಿ ಕಲ್ಲು ಅದಲ್ಲ. ಜೀವ ಇರುವವರ ಸಾಲಿನಲ್ಲಿ ಸೇರಿದವನು, 'ಅವನು' ಎನ್ನಬೇಕು. ಕಲ್ಲಿಗೂ ಜೀವ ಕೊಟ್ಟ ಮಾತನ್ನು ಹಿಡಿದು ನನ್ನ ತಮ್ಮನ ಜೀವ ತೆಗೆದೆಯಲ್ಲ.

ಫೋಟೋ ವಾಪಸ್ ಇಟ್ಟಿದ್ದೇನೆ.

ಎಮೆಲಿನ್ ನೀಪಿನ್


ವಿನಿಪೆಗ್
21 ಫೆಬ್ರವರಿ 2019

ಕೋಕುಮ್,

ಎರಡು ತಿಂಗಳಿಗೂ ಮೇಲೆ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ನಿನ್ನ ಕಾಗದ ಸುಡಲಿಲ್ಲ, ಅದನ್ನು ಮಡಚಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಹುಡುಕಲು ಹೊರಟೆ.

ಶಾಲೆಯ ಮಕ್ಕಳನ್ನು ಒಯ್ಯುತ್ತಿದ್ದ ಆ ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷವಾಗಿದೆ. ದಾಖಲೆಗಳು ಇಲ್ಲೇ ಒಂದು ಕಟ್ಟಡದಲ್ಲಿವೆ. ಮನೆಯವರಿಗೆ ಮಾತ್ರ ತೋರಿಸುತ್ತಾರೆ. ಮನೆಯವರು ಎನ್ನುವುದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಕಾಗದ, ಮದುವೆಯ ದಿನ ನಿನ್ನಿಂದ ಕದ್ದ ಆ ಸಹಿ. ಅದನ್ನೇ ತೋರಿಸಿದೆ. ಬಾಗಿಲು ತೆರೆದರು.

ನಿನ್ನ ತವರಿನ ಹೆಸರಿನಲ್ಲಿ, ಆಂಬ್ರೋಸ್ ಮಸ್ಸನ್ ಎಂದು, ಯಾರೂ ಇರಲಿಲ್ಲ. ನಾಲ್ಕು ದಿನ ಹುಡುಕಿದೆ. ಐದನೆಯ ದಿನ ಒಂದು ಕಾರ್ಡ್ ಸಿಕ್ಕಿತು. ಆಂಬ್ರೋಸ್ ಮೇಸನ್, ವಯಸ್ಸು ಎಂಟು, ಉತ್ತರದ 'ಇಂಡಿಯನ್' ಹುಡುಗ, ಮೂಲನಿವಾಸಿಗಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ಯಾವನೋ ಗುಮಾಸ್ತ ಮಸ್ಸನ್ ಎಂದು ಕೇಳಿ ಮೇಸನ್ ಎಂದು ಬರೆದುಕೊಂಡಿದ್ದಾನೆ. ಕೋಕುಮ್, ಕುಳಿತುಕೊಂಡು ಓದು. ಆ ಕಾರ್ಡಿನ ಕೊನೆಯ ಸಾಲು ಹೀಗಿದೆ: 'ಗುಣಮುಖ. ಬಿಡುಗಡೆ, ಮೇ 1957. ಸಂಬಂಧಿಕರು: ಪತ್ತೆಯಿಲ್ಲ.'

ಅವನು ಸಾಯಲಿಲ್ಲ. ನೀನು ಹೇಳಿದ್ದರಿಂದ ಆಸ್ಪತ್ರೆಗೆ ಹೋದ, ಹೋದದ್ದರಿಂದ ಬದುಕಿದ.

ಆ ತಪ್ಪು ಹೆಸರನ್ನೇ ಹಿಡಿದು ಮುಂದಿನ ದಾಖಲೆಗಳನ್ನು ಹುಡುಕಿದೆ. ದಕ್ಷಿಣದ ಒಂದು ತೋಟದ ಮನೆಯಲ್ಲಿ ಅವನನ್ನು ಕೆಲಸಕ್ಕೆ ಇಟ್ಟರು. ದೊಡ್ಡವನಾದ ಮೇಲೆ ಈ ಊರಿಗೆ ಬಂದು, ಐಸ್ ಆಟದ ಮೈದಾನ ಒಂದರಲ್ಲಿ ಮಂಜುಗಡ್ಡೆ ನಯಮಾಡುವ ಕೆಲಸ ಮಾಡಿದ. ಈ ಮನೆಯಿಂದ ಅದು ಎಂಟು ಬೀದಿ. ಮದುವೆಯಾಗಲಿಲ್ಲ. 1998ರಲ್ಲಿ ತೀರಿಕೊಂಡ, ಹೃದಯ. ನಾನು ಆಗ ಆರು ವರ್ಷದವಳು. ನೀನು ಹಲ್ಲಿನ ಡಾಕ್ಟರ ಹತ್ತಿರ ಬರುವಾಗಲೆಲ್ಲ ಆ ಮೈದಾನದ ಮುಂದೆಯೇ ಬಸ್ಸು ಇಳಿಯುತ್ತಿದ್ದೆಯಂತೆ. ಅಪ್ಪ ಹೇಳಿದರು.

ಅವನ ಜೊತೆ ಕೆಲಸ ಮಾಡಿದ ಮುದುಕ ಒಬ್ಬರಿದ್ದಾರೆ, ಸ್ಟೆಫಾನ್. ಅವರ ಮನೆಗೆ ಹೋದೆ. ಚಹಾ ಕೊಟ್ಟು ಹೇಳಿದರು:

"ಮೇಸನ್ ಒಳ್ಳೇ ಮನುಷ್ಯ. ಮಾತು ಕಮ್ಮಿ. ಕೆಮ್ಮೋ ಮಕ್ಕಳನ್ನ ಕಂಡ್ರೆ ಮಾತ್ರ ಬಿಡ್ತಿರ್ಲಿಲ್ಲ, 'ಹೋಗಿ ಅಮ್ಮಂಗೆ ಹೇಳು' ಅಂತ ಮನೆಗೆ ಅಟ್ತಿದ್ದ."

"ಮನೆಯವರ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

"ಎಲ್ಲಾ ದಡಾರದಲ್ಲಿ ಹೋದ್ರು ಅಂತ ಆಸ್ಪತ್ರೇಲಿ ಹೇಳಿದ್ರಂತೆ. ಕುಡಿದಾಗ ಒಂದು ಹಾಡು ಹೇಳ್ತಿದ್ದ. ಹಾಡೋ, ಪ್ರಾರ್ಥನೆಯೋ. ಪ್ರತಿ ಸಾಲಿನ ಕೊನೇಲೂ ಪನ್, ಪನ್ ಅಂತ ಬರೋದು. ನಾವೆಲ್ಲ ಮೇಜು ಕುಟ್ಟಿ ತಾಳ ಹಾಕ್ತಿದ್ವಿ."

"ಯಾವುದಾದ್ರೂ ಸಾಲು ನೆನಪಿದೆಯಾ?"

ಆ ಮುದುಕ ಮೇಜಿನ ಮೇಲೆ ಬೆರಳು ಬಡಿಯುತ್ತ ಹಾಡಿ ತೋರಿಸಿದರು. "ಎಮೆಲಿನಿಪನ್, ಎಮೆಲಿನಿಪನ್."

ಚಹಾ ಕುಡಿಯಲು ಆಗಲಿಲ್ಲ.

ನಾನು ಕೇಳಿದ್ದೆನಲ್ಲ, ಬದುಕಿದ್ದಿದ್ದರೆ ಒಂದು ಕಾರ್ಡಾದರೂ ಹಾಕುತ್ತಿರಲಿಲ್ಲವೇ ಎಂದು. ಸತ್ತವರಿಗೆ ಯಾರು ಕಾರ್ಡ್ ಹಾಕುತ್ತಾರೆ?

ಕೆಂಡ್ರಾ


ವಾಪೋಸ್ ಕ್ರಾಸಿಂಗ್
15 ಮಾರ್ಚ್ 2019

ನೋಸಿಸಿಮ್, ನನ್ನ ಮೊಮ್ಮಗಳೇ,

ನಿನ್ನ ಕಾಗದವನ್ನು ದಿನಕ್ಕೊಂದು ಪುಟ ಓದಿದೆ. ಒಂದೇ ಸಲ ಆಗಲಿಲ್ಲ.

ಇಪನ್ ಅನ್ನದ ನನ್ನ ಬಾಯಿ ನಲವತ್ತನಾಲ್ಕು ವರ್ಷ ಸರಿಯಾಗಿತ್ತು. ನಾನು ಅವನನ್ನು ಬದುಕಿಸಿಟ್ಟುಕೊಂಡಿದ್ದೆ. ಅವನು ನನ್ನನ್ನು ಸಾಯಿಸಿ ಅಳುತ್ತಿದ್ದ. ಕೊನೆಯ ಇಪ್ಪತ್ತು ವರ್ಷ ನನ್ನದು ತಪ್ಪಾಯಿತು. ನಮಗೆ ಹೇಳದ ಆಸ್ಪತ್ರೆಯವರದು ಏನೂ ತಪ್ಪಿಲ್ಲ, ಅವರ ಕಾರ್ಡಿನಲ್ಲಿ ಎಲ್ಲ ಸರಿಯಾಗಿದೆ.

ಅವನು ನಮ್ಮ ಮಾತು ಮರೆತಿರಲಿಲ್ಲ ಅಲ್ಲವೇ? ಪನ್ ಎನ್ನುವಾಗ ಸ್ವರ ಏರಿಸುತ್ತಿದ್ದನೋ ಇಳಿಸುತ್ತಿದ್ದನೋ, ಆ ಮುದುಕನನ್ನು ಕೇಳಿ ಬರೆ. ಬೇರೆ ಸತ್ತವರ ಹೆಸರು ಹೇಳುವಾಗ ಅಮ್ಮ ಇಳಿಸುತ್ತಿದ್ದಳು.

ನಿನ್ನೆ ಸತ್ತವರ ಪಾಲು ಎಂದು ಒಲೆಗೆ ಒಂದು ತುಂಡು ರೊಟ್ಟಿ ಹಾಕಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆಂಬ್ರೋಸ್-ಇಪನ್. ಹೇಳಿ ಆದ ಮೇಲೆ ಇನ್ನು ಕಾಯುವುದಕ್ಕೆ ಏನೂ ಉಳಿಯಲಿಲ್ಲ.

ಕಲ್ಲು ಇರಲಿ. ಊರಿನ ಕಡೆಗೆ ಮುಖ ಮಾಡಿಸು. ಜೂನ್‌ನಲ್ಲಿ ನಾನು ಬರುತ್ತೇನೆ. ಮಾತಾಡಲ್ಲ, ಪಕ್ಕದಲ್ಲಿ ಕೂರುತ್ತೇನೆ.

ಕೋಕುಮ್
(ಬರೆಯುವವಳು ನಾನಾದಾಗ ಇದು ಸರಿ.)


ವಿನಿಪೆಗ್
17 ಜೂನ್ 2019

ನೋಕುಮ್,

ಬರಬೇಡ ಎಂದು ಮೇ ತಿಂಗಳಲ್ಲಿ ನಾನು ಕಳಿಸಿದ ಎರಡು ಸಾಲಿನ ಕಾಗದಕ್ಕೆ ಕಾರಣ ಈಗ ಹೇಳುತ್ತೇನೆ.

ಸಿಕ್ಕಿದ್ದನ್ನೆಲ್ಲ ನಾನು ನಿಧಿಗೆ ಕಳಿಸುವ ವರದಿಯಲ್ಲಿ ಹೆಮ್ಮೆಯಿಂದ ಬರೆದೆ. ನನ್ನ ಬುದ್ಧಿ ನೋಡು! ವಾರದೊಳಗೆ ಮಿಸ್ ಪ್ರೆಂಟಿಸ್ ಫೋನ್ ಮಾಡಿದರು.

"ಇವರು ಶಾಲೇಲಿದ್ದಾಗ ತೀರಿಕೊಂಡಿಲ್ಲ. ಐವತ್ತೆರಡು ವರ್ಷ ಬದುಕಿದ್ದಾರೆ. ಮರಳದ ಮಕ್ಕಳು ಅನ್ನೋ ನಿಯಮಕ್ಕೆ ಇವರು ಬರಲ್ಲ."

"ಆದ್ರೆ ಮರಳಲಿಲ್ಲವಲ್ಲ ಮೇಡಂ."

"ಮಗುವಾಗಿ ತೀರಿಕೊಂಡವರು ಅಂತ ಅರ್ಥ. ಈ ಕಲ್ಲು ಅಲ್ಲಿದ್ರೆ ಕೊನೇ ಕಂತು ಬಿಡುಗಡೆ ಆಗಲ್ಲ. ನನಗೆ ನಿಜವಾಗ್ಲೂ ಬೇಜಾರಾಗ್ತಿದೆ."

ಸತ್ತನೋ ಇಲ್ಲವೋ ಗೊತ್ತಿಲ್ಲದಾಗ ಪಟ್ಟಿಯಿಂದ ತೆಗೆಯಲು ಬಿಡಲಿಲ್ಲ. ಸತ್ತದ್ದು ಖಚಿತವಾದ ಮೇಲೆ ಇರಲು ಬಿಡುತ್ತಿಲ್ಲ. ಅವರ ಎಲ್ಲ ಕಾಗದದ ತಲೆಯ ಮೇಲೂ 'ಮೂಲನಿವಾಸಿಗಳದೇ ನೇತೃತ್ವ' ಎಂದು ಅಚ್ಚಾಗಿದೆ. ಕಲ್ಲು ಎಷ್ಟು ಎಂಬುದನ್ನು ಮಾತ್ರ ಅವರೇ ಹೇಳಬೇಕು.

ಸಮಿತಿಯಲ್ಲಿ ಕೈ ಎತ್ತಿಸಿದರು. ಅವನ ಕಲ್ಲು ಇರಲಿ ಎಂದು ಎದ್ದದ್ದು ನನ್ನ ಕೈ ಒಂದೇ. ಲಾಜರಸ್ ಮಾವ ನನ್ನ ಮುಖ ನೋಡದೆ, "ಬಿಡೇ, ಅವನು ಬದುಕಿದ್ದನಲ್ಲ, ಪುಣ್ಯವಂತ. ನಮ್ಮಣ್ಣಂಗೆ ಅದೂ ಸಿಗ್ಲಿಲ್ಲ" ಎಂದ. ಅವನನ್ನು ಬೈಯಲು ಬಾಯಿ ತೆರೆದೆ. ಅವನು ಪಟ್ಟಿಯಲ್ಲಿ ಅಣ್ಣನ ಹೆಸರಿನ ಮೇಲೆ ಬೆರಳಿಟ್ಟುಕೊಂಡಿದ್ದ, ಮುಚ್ಚಿಕೊಂಡೆ.

ಮೊನ್ನೆ ಶುಕ್ರವಾರ ಉದ್ಘಾಟನೆ ಆಯಿತು. ಡೋಲು ಬಡಿದರು, ಭಾಷಣ ಮಾಡಿದರು, ಸ್ಯಾಂಡ್‌ವಿಚ್ ಕೊಟ್ಟರು. ಮೂವತ್ತೊಂದು ಕಲ್ಲು. ಉತ್ತರದ ಕಡೆ ಒಂದು ಖಾಲಿ ಜಾಗ. "ಒಳಗೆ ಹೋಗೋಕೆ ದಾರಿ ಬಿಟ್ಟಿದಾರೆ, ಎಷ್ಟು ಚೆಂದ" ಎಂದು ಒಬ್ಬಾಕೆ ಫೋಟೋ ತೆಗೆದುಕೊಂಡಳು. ಶನಿವಾರ ಆಫೀಸಿಗೆ ರಾಜೀನಾಮೆ ಕಳಿಸಿದೆ. ಕರ್ಟಿಸ್ ಜೋಕು ಮಾಡಲಿಲ್ಲ, ಚಹಾ ಮಾಡಿದ.

ಬಾಕಿ ಉಳಿದವನನ್ನು ಏನು ಮಾಡಲಿ ಎಂದು ಕಲ್ಲುಕುಟಿಗ ಕೇಳಿದ. ಬೇಕಾದರೆ ಹೆಸರು ಉಜ್ಜಿ ಅಳಿಸಿಕೊಡುತ್ತೇನೆ ಎಂದ. ಬೇಡ ಎಂದೆ. ಇವತ್ತು ಬೆಳಿಗ್ಗೆ ನಾನೂ ಕರ್ಟಿಸ್ಸೂ ಹೋಗಿ ಎತ್ತಿಕೊಂಡು ಬಂದೆವು. ನಿನ್ನ ಕಂಬಳಿಯಲ್ಲಿ ಸುತ್ತಿ ಬಾಗಿಲ ಪಕ್ಕ ಕೂರಿಸಿದ್ದೇವೆ, ನೀನು ಮದುವೆಗೆ ಕೊಟ್ಟ ನೀಲಿ ಕಂಬಳಿ. ಭಾರವಾಗಿದ್ದಾನೆ.

ಸ್ಟೆಫಾನ್ ಅವರನ್ನು ಕೇಳಿದೆ. ಇಳಿಸುತ್ತಿದ್ದನಂತೆ, ನಿಮ್ಮಮ್ಮನ ಹಾಗೆ.

ಆ ಮೂವತ್ತೊಂದು ಮಕ್ಕಳೂ ಶಾಲೆಯ ಗುಡ್ಡದಲ್ಲೇ ಉಳಿದರು. ಇವನೊಬ್ಬನನ್ನು ಹೊರಗೆ ಬಿಟ್ಟಿದ್ದಾರೆ, ನಾನೇ ಮನೆಗೆ ಕರೆತರುತ್ತೇನೆ. ಜೂನ್ 25, ಮಂಗಳವಾರ, ಇಲ್ಲಿಂದ ಹೊರಡುವ ಉತ್ತರದ ರೈಲು. ಬುಧವಾರ ಸಂಜೆ ವಾಪೋಸ್ ಕ್ರಾಸಿಂಗ್‌ನಲ್ಲಿ ನಿಲ್ಲಿಸಬೇಕು ಎಂದು ಟಿಕೆಟ್ ಕಿಟಕಿಯಲ್ಲಿ ಹೇಳಿ ಬರೆಸಿದ್ದೇನೆ. ಎಷ್ಟು ಜನ ಇಳಿಯುತ್ತೀರಿ ಎಂದು ಕೇಳಿದರು. ಇಬ್ಬರು ಎಂದೆ.

ನಿನ್ನ,
ಕೆಂಡ್ರಾ